ಬಣವೆಗೆ ಬೆಂಕಿ ಬಿದ್ದರೆ ಓಡಿ ಬರುವವರು ಯಾರು?



ರಾಗಿ ಹುಲ್ಲನ್ನು ಬಣವೆ ಹಾಕಿದ ದಿನದಿಂದ ಮೊದಲ ಮಳೆ ಬೀಳುವವರೆಗೆ ನಮಗೆಲ್ಲ ಇರುವ ಭಯ ಒಂದೇ, ಬೆಂಕಿಯದು. ಹೋದ ಬೇಸಿಗೆಯಲ್ಲಿ ನಮ್ಮೂರಿನ ಒಬ್ಬ ಸದಸ್ಯೆಯ ಬಣವೆಗೆ ಮಧ್ಯಾಹ್ನದ ಹೊತ್ತಿನಲ್ಲಿ ಬೆಂಕಿ ಹತ್ತಿತು. ಗಂಡಸರಲ್ಲಿ ಹೆಚ್ಚಿನವರು ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದರು. ಮೋಟಾರ್ ಹಾಕೋಣವೆಂದರೆ ತ್ರೀಫೇಸ್ ಕರೆಂಟ್ ಇರಲಿಲ್ಲ. ಹತ್ತು ಹನ್ನೆರಡು ಜನ ಹೆಂಗಸರು ತೊಟ್ಟಿಯಿಂದ ಬಿಂದಿಗೆಗಳಲ್ಲಿ ನೀರು ಹೊತ್ತೆವು. ಪಕ್ಕದ ಕೊಟ್ಟಿಗೆಯ ಹಸುಗಳ ಹಗ್ಗವನ್ನು ಕುಡುಗೋಲಿನಿಂದ ಕತ್ತರಿಸಿ ಹೊರಗೆ ಅಟ್ಟಿದೆವು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಅದು ಅವರ ತಪ್ಪಲ್ಲ, ದಾರಿಯೇ ಅಷ್ಟು ದೂರ. ಹಸುಗಳು ಉಳಿದವು, ಹುಲ್ಲು ಉಳಿಯಲಿಲ್ಲ. ನೀರು ಹೊತ್ತ ಒಬ್ಬಳ ಮುಂಗೈ ಸುಟ್ಟಿತು. ಆಸ್ಪತ್ರೆಯ ಖರ್ಚನ್ನು ಅವಳೇ ಕೊಟ್ಟಳು.

ಆಮೇಲೆ ಊರಲ್ಲಿ ಎರಡು ಮಾತು ಬಂದವು. ‘ನಾವೇ ಒಂದು ಸ್ವಯಂಸೇವಕ ಪಡೆ ಮಾಡಿಕೊಳ್ಳೋಣ’ ಎಂದರು ಕೆಲವರು. ‘ಬೆಂಕಿ ಆರಿಸುವುದು ಸಂಬಳದವರ ಕೆಲಸ, ಹೋಬಳಿಗೊಂದು ಠಾಣೆ ಕೊಡಲಿ’ ಎಂದರು ಇನ್ನು ಕೆಲವರು. ಎರಡರಲ್ಲೂ ನಿಜವಿದೆ. ಆದರೆ ಯಾವ ಕೆಲಸ ಎಲ್ಲಿಯವರೆಗೆ ಸ್ವಯಂಸೇವೆ, ಎಲ್ಲಿಂದ ಮುಂದೆ ಸಂಬಳದ ಕೆಲಸ ಎಂಬ ಗೆರೆಯನ್ನು ನಾವು ಎಳೆಯಬೇಕು. ಎಳೆಯದಿದ್ದರೆ ಆ ಹೊರೆ ಮನೆಯಲ್ಲಿ ಇರುವವರ ಮೇಲೆ, ಅಂದರೆ ನಮ್ಮ ಮೇಲೆ, ತಾನಾಗಿಯೇ ಬೀಳುತ್ತದೆ.

ಸ್ವಯಂಸೇವೆಯನ್ನು ಹಗುರವಾಗಿ ಕಾಣಬೇಕಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1851ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಶುರುವಾದ ಸ್ವಯಂಸೇವಕ ಅಗ್ನಿಶಾಮಕ ಪದ್ಧತಿ ಇವತ್ತಿಗೂ ದೇಶದಾದ್ಯಂತ ನಡೆದಿದೆ. ಜರ್ಮನಿಯ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಊರಿನ ಸ್ವಯಂಸೇವಕರೇ. ಆದರೆ ಅಲ್ಲಿ ಸ್ವಯಂಸೇವಕ ಎಂದರೆ ಬರಿಗೈಯವನಲ್ಲ. ಅವನಿಗೆ ತರಬೇತಿ, ಸಮವಸ್ತ್ರ, ವಾಹನ, ವಿಮೆ ಎಲ್ಲವೂ ಇದೆ. ಅದೇ ಜರ್ಮನಿಯ ದೊಡ್ಡ ನಗರಗಳಲ್ಲಿ ಸಂಬಳದ ಪಡೆ ಇದೆ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಸ್ವಯಂಸೇವಕ ತಂಡಗಳು ಬೆಂಕಿಯ ಜಾಗದಲ್ಲೇ ತಮ್ಮತಮ್ಮಲ್ಲಿ ಹೊಡೆದಾಡುತ್ತಿದ್ದವು. ಉಗಿಯಿಂದ ನಡೆಯುವ ಪಂಪು ಬಂದ ಮೇಲೆ ಅದನ್ನು ನಡೆಸಲು ಪಳಗಿದ ಕೈ ಬೇಕಾಯಿತು. 1853ರಲ್ಲಿ ಆ ನಗರ ಪೂರ್ತಿ ಸಂಬಳದ ಪಡೆ ಕಟ್ಟಿತು.

ನಮ್ಮ ಸಂಘಗಳೂ ಇದೇ ದಾರಿಯಲ್ಲಿ ನಡೆದಿವೆ. ಆಡಳಿತ ಮಂಡಳಿಯ ನಿರ್ದೇಶಕಿಯರು ಸಂಬಳವಿಲ್ಲದೆ ಸೇವೆ ಮಾಡುತ್ತಾರೆ. ಆದರೆ ದಿನಕ್ಕೆರಡು ಸಲ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು, ಹಾಲು ಅಳೆದು, ಫ್ಯಾಟ್ ನೋಡಿ, ಲೆಕ್ಕ ಬರೆಯುವ ಕಾರ್ಯದರ್ಶಿಗೂ ಹಾಲು ಪರೀಕ್ಷಕರಿಗೂ ಸಂಬಳ ಕೊಡುತ್ತೇವೆ. ತಪ್ಪದೆ ಆಗಲೇಬೇಕಾದ ಕೆಲಸವನ್ನು ಯಾರದೋ ಬಿಡುವಿಗೆ ಬಿಡಲಾಗದು ಎಂಬುದು ನಮಗೆ ಗೊತ್ತಿದೆ. ಬೆಂಕಿಯ ವಿಷಯದಲ್ಲಿ ಮಾತ್ರ ಅದನ್ನು ಮರೆಯುವುದೇಕೆ?

ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಇವುಗಳಲ್ಲಿ ಒಂದಕ್ಕೆ ಸಮಾಧಾನದ ಉತ್ತರ ಸಿಗದಿದ್ದರೂ ಅಲ್ಲಿಗೆ ಸಂಬಳದ ಸಿಬ್ಬಂದಿ ಬೇಕು.

ಮೊದಲನೆಯದು, ಕರೆದಾಗ ಜನ ಸಿಗುತ್ತಾರೆಯೇ? ಸಂಜೆ ಅರಳಿಕಟ್ಟೆಯಲ್ಲಿ ಐವತ್ತು ಯುವಕರು ಕಾಣಬಹುದು. ಆದರೆ ಬಿಸಿಲೇರಿ ಗಾಳಿ ಬೀಸುವ ಹಗಲಿನಲ್ಲಿ ಊರಲ್ಲಿ ಇರುವವರು ವಯಸ್ಸಾದವರು, ಮಕ್ಕಳು, ಹೆಂಗಸರು. ಹಗಲು ಊರಲ್ಲಿಲ್ಲದ ಪಡೆ ಪಟ್ಟಿಯಲ್ಲಿ ಮಾತ್ರ ಪಡೆ.

ಎರಡನೆಯದು, ಸಂಬಳದ ಪಡೆ ಎಷ್ಟು ದೂರದಲ್ಲಿದೆ? ದೇಶದ ಅಗ್ನಿಶಾಮಕ ಸ್ಥಾಯಿ ಸಲಹಾ ಸಮಿತಿ ಹೇಳಿರುವಂತೆ ಕರೆ ಹೋದ ಮೇಲೆ ಪಟ್ಟಣದಲ್ಲಿ 5ರಿಂದ 7 ನಿಮಿಷದಲ್ಲಿ, ಗ್ರಾಮೀಣ ಭಾಗದಲ್ಲಿ 20 ನಿಮಿಷದಲ್ಲಿ ವಾಹನ ಬರಬೇಕು. ನಮ್ಮ ರಸ್ತೆಯಲ್ಲಿ ನೀರು ತುಂಬಿದ ಲಾರಿ ಗಂಟೆಗೆ 40 ಕಿ.ಮೀ. ಓಡಿದರೂ 20 ನಿಮಿಷಕ್ಕೆ 13 ಕಿ.ಮೀ. ಆಗುತ್ತದೆ. ನಿಮ್ಮೂರಿಂದ ತಾಲ್ಲೂಕು ಕೇಂದ್ರ ಎಷ್ಟು ದೂರ ಎಂದು ನೀವೇ ಲೆಕ್ಕ ಹಾಕಿ.

ಮೂರನೆಯದು, ಅಪಾಯ ಬಿಂದಿಗೆಯ ಅಳತೆ ಮೀರಿದೆಯೇ? ಬಣವೆಯ ಅಂಚಿಗೆ ಹತ್ತಿದ ಬೆಂಕಿಗೆ ನಾವು ಸಾಕು. ಗ್ಯಾಸ್ ಸಿಲಿಂಡರ್, ವಿದ್ಯುತ್ ಟ್ರಾನ್ಸ್‌ಫಾರ್ಮರ್, ಶೀತಲೀಕರಣ ಕೇಂದ್ರದಲ್ಲಿ ಅಮೋನಿಯಾ ಸೋರಿಕೆ, ಇವುಗಳ ಹತ್ತಿರ ಉಸಿರಾಟದ ಸಾಧನವಿಲ್ಲದೆ, ಕಲಿಕೆಯಿಲ್ಲದೆ ಯಾರೂ ಹೋಗಬಾರದು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚಿನಲ್ಲಿ ಸಿಲುಕಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು. ಇಲಾಖೆಯ ಸಿಬ್ಬಂದಿಗೇ ಹೀಗಾದರೆ ಸೆರಗು ಸಿಕ್ಕಿಸಿಕೊಂಡು ಓಡುವ ನಮ್ಮ ಪಾಡೇನು?

ನಾಲ್ಕನೆಯದು, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ? ಸಂಬಳದ ಸಿಬ್ಬಂದಿಗೆ ಇಲಾಖೆ ಇದೆ. ಕೈ ಸುಟ್ಟುಕೊಂಡ ನಮ್ಮ ಸದಸ್ಯೆಗೆ ಯಾರೂ ಇರಲಿಲ್ಲ.

‘ಎಲ್ಲ ಕಡೆ ಸಂಬಳದವರನ್ನು ಇಡಲು ದುಡ್ಡೆಲ್ಲಿದೆ? ವರ್ಷಕ್ಕೆ ಎರಡು ಬೆಂಕಿ ಬೀಳುವ ಊರಿಗೆ ಠಾಣೆ ಏಕೆ?’ ಎಂದು ಕೇಳುವವರಿದ್ದಾರೆ. ಊರಿಗೊಂದು ಠಾಣೆಯನ್ನು ನಾನೂ ಕೇಳುತ್ತಿಲ್ಲ. 20 ನಿಮಿಷದ ಅಳತೆಯೊಳಗೆ ಊರುಗಳು ಬರುವಂತೆ ಹೋಬಳಿ ಮಟ್ಟದಲ್ಲಿ ಠಾಣೆ ಬೇಕು. ಬಣವೆಗಳು ತುಂಬಿರುವ ಬೇಸಿಗೆಯಲ್ಲಿ ಒಂದು ವಾಹನವನ್ನಾದರೂ ಹೋಬಳಿ ಕೇಂದ್ರದಲ್ಲಿ ನಿಲ್ಲಿಸಬಹುದು. ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆ ತಂದಿದೆ. ಸಂವಿಧಾನದ 12ನೇ ಅನುಸೂಚಿಯ ನಗರಾಡಳಿತದ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆ ಇದೆ. ಪಂಚಾಯಿತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅದು ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಬಾಯಿಬಿಟ್ಟು ಕೇಳಬೇಕಾದವರು ನಾವೇ.

ಠಾಣೆ ಬಂದರೂ ಮೊದಲ ಹತ್ತು ನಿಮಿಷ ಊರಿನವರದೇ. ಅದಕ್ಕಾಗಿ ಪ್ರತಿ ಊರಿನಲ್ಲಿ ತರಬೇತಿ ಪಡೆದ ಚಿಕ್ಕ ತಂಡ ಇರಲಿ, ಅದರಲ್ಲಿ ಹಗಲು ಊರಲ್ಲಿರುವ ಹೆಂಗಸರೂ ಇರಲಿ. ಆದರೆ ತರಬೇತಿಯ ದಿನಕ್ಕೆ ಕೂಲಿ, ಅಪಘಾತ ವಿಮೆ, ಬೂಟು, ಕೈಗವಸು ಮೊದಲು ಬರಲಿ, ಹೆಸರು ಬರೆಸುವುದು ಆಮೇಲೆ. ಆಶಾ ಕಾರ್ಯಕರ್ತೆಯರನ್ನು ‘ಸ್ವಯಂಸೇವಕಿ’ ಎಂದು ಕರೆದು ಪೂರ್ಣಾವಧಿಯ ಕೆಲಸ ಹೇರಿದ್ದನ್ನು ನೋಡಿದ್ದೇವೆ. ನ್ಯಾಯವಾದ ವೇತನಕ್ಕಾಗಿ ಅವರು ಇಂದಿಗೂ ಬೀದಿಗಿಳಿಯಬೇಕಾಗಿದೆ. ಬೆಂಕಿಯ ಕೆಲಸದಲ್ಲಿ ಅದೇ ಕಥೆ ಬೇಡ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಬಿಡಬಾರದು. ಬಣವೆ ಕೊಟ್ಟಿಗೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರ ಇರಲಿ. ಹಸಿ ಹುಲ್ಲನ್ನು ಒಟ್ಟಬೇಡಿ, ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹಸುವಿನ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕಿ. ಕೊಟ್ಟಿಗೆಯ ಪಕ್ಕದ ತೊಟ್ಟಿ ತುಂಬಿರಲಿ. ಬೆಂಕಿ ಕಂಡ ಕೂಡಲೇ ಒಬ್ಬರು 112ಕ್ಕೆ ಕರೆ ಮಾಡಲಿ. ಸಣ್ಣ ಬೆಂಕಿ, ನಾವೇ ಆರಿಸುತ್ತೇವೆ ಎಂದು ಕಾಯಬೇಡಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿ ಹೊತ್ತಿದ್ದ ಹಡಗು ಸಿಡಿದಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿನ ದಿನಗಳು ಅವು. ಆ ವಾರ ಠಾಣೆಯವರನ್ನು ಸಂಘಕ್ಕೆ ಕರೆಸಿ, ಬಣವೆಯ ಬೆಂಕಿ ಆರಿಸುವ ಬಗೆ ಕಲಿಯೋಣ. ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಲಾಭಾಂಶ, ಬೋನಸ್ ಮಾತು ಮುಗಿದ ಮೇಲೆ ಇನ್ನೊಂದು ನಿರ್ಣಯ ಬರೆಸೋಣ: ‘ನಮ್ಮ ಹೋಬಳಿಗೆ ಅಗ್ನಿಶಾಮಕ ಠಾಣೆ ಬೇಕು, ಊರಿನ ತಂಡಕ್ಕೆ ತರಬೇತಿ ಮತ್ತು ವಿಮೆ ಬೇಕು.’ ಅದರ ಪ್ರತಿ ಗ್ರಾಮ ಪಂಚಾಯಿತಿಗೂ ಶಾಸಕರಿಗೂ ಹೋಗಲಿ. ಒಂದು ಸಂಘ ಬರೆದರೆ ಅದು ಅರ್ಜಿ, ತಾಲ್ಲೂಕಿನ ಎಲ್ಲ ಸಂಘಗಳೂ ಬರೆದರೆ ಅದನ್ನು ಯಾರೂ ಕಡತದಲ್ಲಿ ಮುಚ್ಚಿಡಲಾರರು.

ಬೆಂಕಿ ಬಿದ್ದಾಗ ನಾವು ಓಡಿಯೇ ಓಡುತ್ತೇವೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಹಿಂದೆ ಯಾರು ಬರುತ್ತಾರೆ, ಎಷ್ಟು ಬೇಗ ಬರುತ್ತಾರೆ ಎಂಬುದನ್ನು ಬಣವೆ ಹೊತ್ತುವ ಮೊದಲೇ ಕೇಳಿ ಗಟ್ಟಿ ಮಾಡಿಕೊಳ್ಳೋಣ.