ಡಬ್ಬಿ ಬದಲಿಸೋಕಿಂತ ಮೊದಲ ವೈರ್ ನೋಡ್ರಿ

ಅಕ್ಕಾರ, ತಂಗ್ಯಾರ, ಈ ಸಲ ಉಪ್ಪಿನಕಾಯಿ, ಹೋಳಿಗಿ ಬಿಟ್ಟು ಇಂಟರ್ನೆಟ್ ವೈರಿನ ಮಾತು ಹೇಳ್ತೀನಿ. ನಗಬ್ಯಾಡ್ರಿ. ಗ್ಯಾಸಿನ ಪೈಪ್ ನೋಡಿದ್ಹಂಗ ಈ ವೈರ್ ನೋಡೋದೂ ನಮಗ ಬರಬೇಕು ಅಂತೀನಿ ನಾನು. ‘ನಮಗೇನ್ ತಿಳೀತದ’ ಅಂತ ಕೂತ್ರ ರೊಕ್ಕಾನೂ ಹೋಗ್ತದ, ಮನಿ ಮಂದಿ ಮನಸ್ಸೂ ಕೆಡ್ತದ.

ನಮ್ಮ ಸೊಸಿ ಮ್ಯಾಲಿನ ಖೋಲ್ಯಾಗ ಕೂತು ಆಫೀಸ್ ಕೆಲಸ ಮಾಡ್ತಾಳ. ಕೆಳಗಿನ ರೌಟರಿಂದ ಒಂದು ವೈರ್ ನನ್ನ ಖೋಲಿ ಗ್ವಾಡಿ ಹಿಡದು ಮ್ಯಾಲ ಹೋಗ್ಯದ. ದೀಪಾವಳಿ ಆದ ಮ್ಯಾಲ ಆಕಿ ಮೀಟಿಂಗ್ ನಡುವನ ಲೈನ್ ಹೋಗೋದು, ಬರೋದು ಶುರುವಾತು. ಸಾಹೇಬ್ರ ಕಡೆ ಮಾತು ಕೇಳಿ ಸಣ್ಣ ಮಾರಿ ಮಾಡ್ಕೊಂಡು ಊಟಕ್ಕ ಇಳೀತಿದ್ಲು. ನಾನೂ ಒಮ್ಮೆ ‘ಕೆಳಗ ನಮ್ಮ ಫೋನೆಲ್ಲಾ ಛಲೋ ನಡದಾವ, ನಿನ್ನ ಲ್ಯಾಪ್‌ಟಾಪ್‌ನ ಸರಿ ಇಲ್ಲ’ ಅಂದುಬಿಟ್ಟೆ. ರಿಪೇರಿ ಹುಡುಗ ಬಂದು ‘ಡಬ್ಬಿ ಹಳೇದಾಗೇದ’ ಅಂದ. 2,500 ರೂಪಾಯಿ ಕೊಟ್ಟು ಹೊಸಾದು ಹಾಕಿಸಿದ್ವಿ. ಮತ್ತ ಅದ ಹಾಡು.

ಒಂದಿನ ಸೀರಿ ತಗೀಲಿಕ್ಕೆ ತಿಜೋರಿ ಬಾಗಲಾ ತಗದೆ. ಮ್ಯಾಲಿಂದ ‘ಅತ್ತ್ಯಾರ, ಮತ್ತ ಹೋತ್ರಿ!’ ಅಂದ್ಲು. ಬಾಗಲಾ ಹಾಕಿದೆ, ಬಂತು. ಬಗ್ಗಿ ನೋಡಿದ್ರ ತಿಜೋರಿ ಕಾಲು ವೈರಿನ ಮ್ಯಾಲ! ಹಬ್ಬಕ್ಕ ಕಸಾ ಹೊಡೀವಾಗ ಅದನ್ನ ಸರಿಸಿದಾಕಿ ನಾನ.

ಆಮ್ಯಾಲೆ ಸೊಸಿ ಕಡಿಂದ ಒಂದಿಷ್ಟು ಕಲ್ತೆ. ಕೆಳಗ ವೈಫೈ ನಡದು, ಮ್ಯಾಲ ಅಷ್ಟ ಹೋತಂದ್ರ ಹೊರಗಿನ ಲೈನಿನ ತಪ್ಪಲ್ಲ. ವೈರ್ ಚುಚ್ಚಿದ ತೂತಿನ ಕಡೆ ಸಣ್ಣ ದೀಪ ಹತ್ತೇದೇನು ನೋಡ್ರಿ. ಇಲ್ಲಂದ್ರ ಪಿನ್ ಕಿತ್ತು, ಟಕ್ ಅನ್ನೋ ಹಂಗ ಮತ್ತ ಹಾಕ್ರಿ. ಅದರ ಪ್ಲಾಸ್ಟಿಕ್ ನಾಲಿಗಿ ಮುರದಿದ್ರ ಪಿನ್ ಸಡಲ ಆಗ್ತದ. ಇನ್ನೊಂದು ತೂತಿಗೆ ಹಾಕಿ ನೋಡ್ರಿ. ಆಮ್ಯಾಲೆ ಲ್ಯಾಪ್‌ಟಾಪ್ ರೌಟರ್ ಹತ್ರ ಒಯ್ದು ಬ್ಯಾರೆ ಗಿಡ್ಡ ವೈರ್ ಹಚ್ರಿ. ನಡೀತಂದ್ರ ಕೆಟ್ಟದ್ದು ಉದ್ದ ವೈರ್. ಒಮ್ಮೆಗೆ ಒಂದನ್ನ ಅಷ್ಟ ಬದಲಿಸ್ರಿ. ಎಲ್ಲಾ ಕೂಡೇ ಬದಲಿಸಿದ್ರ ಯಾವುದು ಕೆಟ್ಟಿತ್ತು ಅನ್ನೋದು ತಿಳೀದುಲ್ಲ.

ಆ ವೈರಿನ ಒಳಗ 8 ತಂತಿ, 4 ಜೋಡಿ. 1,000 ಎಂಬಿಪಿಎಸ್ ವೇಗಕ್ಕ ನಾಲ್ಕೂ ಜೋಡಿ ಬೇಕು, 100ಕ್ಕ ಎರಡ ಸಾಕು. ಅದಕ್ಕ ಒಂದು ತಂತಿ ಹರದ್ರ ಲೈನ್ ಪೂರ್ತಿ ಸಾಯದನ ಕುಂಟಬಹುದು. ಹರದದ್ದನ್ನ ಕರೆಂಟ್ ವೈರಿನ್ಹಂಗ ಹೊಸದು ಟೇಪ್ ಸುತ್ತಬ್ಯಾಡ್ರಿ, ಹೊಸಾದು ಎಳೀರಿ. ಕರೆಂಟ್ ವೈರಿಗೆ ಅಂಟಿಸಿನೂ ಒಯ್ಯಬ್ಯಾಡ್ರಿ.

‘ಇದು ಗಂಡಸರ ಕೆಲಸ’ ಅಂತೀರೇನು? ತಿಜೋರಿ ಸರಸೋರು, ಕಸಾ ಹೊಡಿಯೋರು, ಚಾಪಿ ಹಾಸೋರು ನಾವು. ವೈರ್ ಎಲ್ಲೆಲ್ಲಿ ಹಾದು ಹೋಗ್ಯದ ಅನ್ನೋದು ನಮಗ ಗೊತ್ತಿರಬೇಕು.

ಹೊಸಾ ವೈರಿಗೆ ಹತ್ತಿದ್ದು 400 ರೂಪಾಯಿ. ಸೊಸಿಗೆ ‘ತಪ್ಪು ನಂದ ಅವ್ವಾ’ ಅಂದೆ. ‘ಇರ್ಲಿ ಬಿಡ್ರಿ ಅತ್ತ್ಯಾರ’ ಅಂದ್ಲು. ಆಕಿ ಮಾರಿ ಮ್ಯಾಲ ನಗಿ ನೋಡಿ ಭಾಳ ದಿನಾ ಆಗಿತ್ತು.