ಸಂತಳೂ ಅಲ್ಲ, ಸಂಚುಗಾರ್ತಿಯೂ ಅಲ್ಲ

ಕನ್ನಡ ಸಾಹಿತ್ಯ ಓದುವ ನಮಗೆ ಮಿಷನರಿ ಎಂದರೆ ಎರಡೇ ಚಿತ್ರ. ಒಂದು, ನಿಘಂಟು ಮಾಡಿದ ಕಿಟೆಲ್. ಇನ್ನೊಂದು, ಬೈಬಲ್ ಹಿಡಿದು ಮತಾಂತರಕ್ಕೆ ಬಂದ ಬಿಳಿಯ. ಮೊದಲನೆಯವರಿಗೆ ಕೈಮುಗಿಯುತ್ತೇವೆ, ಎರಡನೆಯವನನ್ನು ಬೈಯುತ್ತೇವೆ. ಅಲ್ಲಿಗೆ ನಮ್ಮ ಓದು ಮುಗಿಯಿತು. ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ನಾನು ಜೀನ್ ಡೊನೊವನ್ ಬಗ್ಗೆ ಪ್ರಬಂಧ ಓದಿದಾಗ ಹಿರಿಯರೊಬ್ಬರು ಎದ್ದು, "ಏನಮ್ಮಾ, ಆಕೆಯೂ ಮತಾಂತರಕ್ಕೇ ಹೋದವಳಲ್ಲವೇ?" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆ ನಗು ಇವತ್ತಿಗೂ ಚುಚ್ಚುತ್ತಿದೆ. ಅಂದು ಕೊಡದೆ ಹೋದ ಉತ್ತರ ಇದು.

ಮೊದಲಿಗೆ ಸರಳ ಸಂಗತಿ. ಎಲ್ ಸಾಲ್ವಡಾರ್ ಆಗಲೇ ಕ್ಯಾಥೊಲಿಕರ ದೇಶ. ಅಲ್ಲಿ ಸತ್ತವರೂ ಕೊಂದವರೂ ಬಹುತೇಕ ಒಂದೇ ಶಿಲುಬೆಯ ಮುಂದೆ ಮಂಡಿಯೂರಿದವರು. ಜೀನ್ ಸಂನ್ಯಾಸಿನಿಯೂ ಆಗಿರಲಿಲ್ಲ. ಯಾವ ವ್ರತವನ್ನೂ ತೊಡದ ಸಾಮಾನ್ಯ ವಿಶ್ವಾಸಿ, ಚರ್ಚಿನ ಮಾತಿನಲ್ಲಿ ಲೇ ಮಿಷನರಿ. 1953ರಲ್ಲಿ ಹುಟ್ಟಿದ ಅಮೆರಿಕದ ಹುಡುಗಿ, ಕ್ಲೀವ್‌ಲ್ಯಾಂಡಿನ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದವಳು. ಮೋಟಾರ್‌ಸೈಕಲ್ ಓಡಿಸುತ್ತಿದ್ದಳು, ಪ್ರೀತಿಸಿದ ಹುಡುಗನಿದ್ದ. 1979ರಲ್ಲಿ ಎಲ್ಲ ಬಿಟ್ಟು ಲಾ ಲಿಬರ್ತಾದ್ ಎಂಬ ಕಡಲೂರಿಗೆ ಹೋದಳು. ಅಲ್ಲಿ ಮಾಡಿದ್ದೇನು? ಲೆಕ್ಕ ಬರೆದಳು, ಆಹಾರ ಹಂಚಿದಳು, ಸೇನೆಗೆ ಹೆದರಿ ಊರು ಬಿಟ್ಟವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಆಶ್ರಯತಾಣಗಳಿಗೆ ಮುಟ್ಟಿಸಿದಳು. ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರಿಗೆ ಬಿಸ್ಕತ್ತು ಮಾಡಿಕೊಟ್ಟಳು.

1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದ ರೊಮೆರೊ ಗುಂಡಿಗೆ ಬಲಿಯಾದರು. ಜೀನ್ ಅವರ ಶವಪೆಟ್ಟಿಗೆಯ ಬಳಿ ಕಾವಲು ನಿಂತಳು. ಅಂತ್ಯಕ್ರಿಯೆಗೆ ಸೇರಿದ್ದ ಜನರ ನಡುವೆ ಬಾಂಬು ಸಿಡಿಯಿತು, ಗುಂಡು ಹಾರಿತು. ಜುಲೈನಲ್ಲಿ, ಅವಳ ಜೊತೆ ಸಿನಿಮಾ ನೋಡಿ ಹೊರಟ ಇಬ್ಬರು ಸಾಲ್ವಡಾರಿನ ಗೆಳೆಯರು ಕೊಲೆಯಾದರು. ಆಮೇಲೆ ರಜೆಯ ಮೇಲೆ ದೇಶದಿಂದ ಹೊರಗೆ ಹೋದವಳು ಅಲ್ಲೇ ಉಳಿಯಬಹುದಿತ್ತು. ಮರಳಿ ಬಂದಳು. ಡಿಸೆಂಬರ್ 2ರ ರಾತ್ರಿ ವಿಮಾನ ನಿಲ್ದಾಣದಿಂದ ಬರುವಾಗ ನ್ಯಾಷನಲ್ ಗಾರ್ಡಿನ ಸೈನಿಕರು ಅವಳನ್ನೂ ಇಟಾ ಫೋರ್ಡ್, ಮೌರಾ ಕ್ಲಾರ್ಕ್, ಡೊರೊಥಿ ಕಾಜೆಲ್ ಎಂಬ ಮೂವರು ಧರ್ಮಭಗಿನಿಯರನ್ನೂ ಹಿಡಿದೊಯ್ದು, ಅತ್ಯಾಚಾರವೆಸಗಿ ಕೊಂದರು. ಜೀನ್‌ಗೆ ಆಗ 27. ಇದನ್ನು ಬರೆಯುತ್ತಿರುವ ನನಗೆ 28.

ಹಿರಿಯರ ಪ್ರಶ್ನೆ ಹೊಸದೇನಲ್ಲ. ಈ ಕೊಲೆಗಳಾದ ಕೆಲವೇ ದಿನಗಳಲ್ಲಿ, ರೇಗನ್ ಅವರ ಸಲಹೆಗಾರ್ತಿ ಜೀನ್ ಕರ್ಕ್‌ಪ್ಯಾಟ್ರಿಕ್ ಇವರನ್ನು ಬರೀ ಸಂನ್ಯಾಸಿನಿಯರೆನ್ನಲಾಗದು, ರಾಜಕೀಯ ಕಾರ್ಯಕರ್ತೆಯರು ಎಂಬರ್ಥದ ಮಾತಾಡಿದ್ದರು. ಅನುಮಾನದ ಕಸುಬು ಎಲ್ಲ ಕಡೆಯೂ ಒಂದೇ. ಸತ್ತವಳ ಒಳ ಉದ್ದೇಶ ಬೇರೇನೋ ಇತ್ತು ಎಂದುಬಿಟ್ಟರೆ ಕೊಂದವನ ಉದ್ದೇಶವನ್ನು ಯಾರೂ ಕೇಳುವುದಿಲ್ಲ. 1984ರಲ್ಲಿ ಐವರು ಸೈನಿಕರಿಗೆ ಶಿಕ್ಷೆಯಾಯಿತು. ಕೊಲೆ ಮೊದಲೇ ಯೋಜಿತವಾಗಿತ್ತು, ಮೇಲಿನವರು ಮುಚ್ಚಿಹಾಕಿದರು ಎಂದು ವಿಶ್ವಸಂಸ್ಥೆಯ ಸತ್ಯ ಆಯೋಗ ಹೇಳುವ ಹೊತ್ತಿಗೆ 1993 ಬಂದಿತ್ತು.

ಜೀನ್‌ಳನ್ನು ಪೀಠಕ್ಕೇರಿಸಿ ಹೂ ಹಾಕುವವರ ಜೊತೆಗೂ ನನಗೆ ಜಗಳವಿದೆ. 1992ರವರೆಗೆ ನಡೆದ ಆ ಯುದ್ಧದಲ್ಲಿ ಸತ್ತವರು ಸುಮಾರು 75,000 ಮಂದಿ. ನಾಲ್ವರು ಅಮೆರಿಕನ್ ಮಹಿಳೆಯರು ಸತ್ತಾಗ ಮಾತ್ರ ಅಮೆರಿಕ ತನ್ನ ನೆರವನ್ನು ತಡೆಹಿಡಿಯಿತು. ಮುಂದಿನ ತಿಂಗಳೇ ಮಿಲಿಟರಿ ನೆರವು ಮತ್ತೆ ಶುರುವಾಯಿತು. ಜೀನ್‌ಳನ್ನು ಒಬ್ಬಂಟಿ ಹುತಾತ್ಮಳನ್ನಾಗಿ ಮಾಡಿದರೆ ನಾವೂ ಅದೇ ತಕ್ಕಡಿಯಲ್ಲಿ ಹೆಣ ತೂಗಿದಂತೆ. ಅವಳು ಉಳಿಯಲು ಕಾರಣ ಸಾಯುವ ಹಂಬಲವಾಗಿರಲಿಲ್ಲ. ಹೊರಟುಬಿಡಬೇಕೆಂದು ಹಲವು ಸಲ ಅನ್ನಿಸಿತ್ತು, ಆದರೆ ಅಲ್ಲಿನ ಮಕ್ಕಳನ್ನು ಬಿಟ್ಟು ಹೋಗಲಾಗಲಿಲ್ಲ ಎಂದು ಅವಳೇ ಪತ್ರದಲ್ಲಿ ಬರೆದಿದ್ದಾಳೆ.

ಇಲ್ಲಿ ನನ್ನ ಸಹಪಾಠಿಗಳು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಅಮೆರಿಕದ ಪಾಸ್‌ಪೋರ್ಟ್ ಇದ್ದವಳು, ಬೇಕೆಂದಾಗ ಹೊರಡಬಲ್ಲವಳು, ಹೊರಡಲಾರದ ರೈತನಿಗೆ ಗೆಳತಿಯಾಗುವುದು ಹೇಗೆ? ಸಮಾನತೆಯಿಲ್ಲದ ಕಡೆ ಸ್ನೇಹವೆಲ್ಲಿ? ಸಮಾನತೆ ಇರಲಿಲ್ಲ, ಒಪ್ಪುತ್ತೇನೆ. ಆದರೆ ಆ ಪಾಸ್‌ಪೋರ್ಟನ್ನು ಅವಳು ಬಳಸಿದ ರೀತಿ ನೋಡಿ. ಬಿಳಿ ಹುಡುಗಿ ಓಡಿಸುವ ವ್ಯಾನನ್ನು ಸೈನಿಕರು ಮುಟ್ಟಲಿಕ್ಕಿಲ್ಲ ಎಂಬ ನಂಬಿಕೆಯಲ್ಲಿ, ತನ್ನ ಮೈಬಣ್ಣವನ್ನೇ ನಿರಾಶ್ರಿತರಿಗೆ ಕೊಡೆಯಾಗಿ ಹಿಡಿದಳು. ಕೊನೆಗೆ ಆ ಕೊಡೆ ಅವಳನ್ನೂ ಕಾಯಲಿಲ್ಲ. ಸಮಾನತೆ ಬರಲಿ, ಆಮೇಲೆ ಸ್ನೇಹ ಮಾಡೋಣ ಎನ್ನುವವರು ಯಾವ ಕಾಲಕ್ಕೂ ಸ್ನೇಹ ಮಾಡುವುದಿಲ್ಲ.

ಭರವಸೆ ಎಂಬ ಪದವನ್ನೂ ನಾವು ಅಗ್ಗ ಮಾಡಿದ್ದೇವೆ. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂಬ ಭವಿಷ್ಯವಾಣಿಯನ್ನು ಭರವಸೆ ಎನ್ನುತ್ತೇವೆ. ಜೀನ್ ಶಾಂತಿ ಒಪ್ಪಂದವನ್ನು ನೋಡಲಿಲ್ಲ. ಗೆಳೆಯರನ್ನು ಹೂತ ಮರುದಿನವೂ ಹಂಚಬೇಕಾದ ಆಹಾರ ಉಳಿದಿತ್ತು, ಕಾಯುತ್ತಿದ್ದ ಮಕ್ಕಳಿದ್ದರು. ಹೋಗಿ ಹಂಚಿ ಬರುವುದೇ ಅವಳ ಭರವಸೆಯಾಗಿತ್ತು.

ನನ್ನ ಮಹಾಪ್ರಬಂಧದ ಕರಡಿನಲ್ಲಿ 'ಅನ್ಯ' ಎಂಬ ಪದ ಪುಟಕ್ಕೆರಡು ಸಲ ಬರುತ್ತದೆ. ಆ 'ಅನ್ಯ'ರಲ್ಲಿ ಒಬ್ಬರ ಮನೆಯಲ್ಲೂ ನಾನು ಊಟ ಮಾಡಿಲ್ಲ. ಜೀನ್‌ಳನ್ನು ಅನುಮಾನಿಸುವ ಮೊದಲು ಇದಕ್ಕೆ ಲೆಕ್ಕ ಕೊಡಬೇಕಾದವಳು ನಾನು. ಆ ಹಿರಿಯರು ಮತ್ತೆ ಸಿಕ್ಕರೆ ಹೇಳುತ್ತೇನೆ: ಸರ್, ಲಾ ಲಿಬರ್ತಾದ್‌ನಲ್ಲಿ ಬದಲಾದವರು ಯಾರಾದರೂ ಇದ್ದರೆ ಅದು ಲೆಕ್ಕ ಬರೆಯಲು ಹೋದ ಆ ಹುಡುಗಿ. ಸಭೆ ನಗಬಹುದು. ಈ ಸಲ ನಾನು ನಗುವುದಿಲ್ಲ.