ಮಾತಿನ ದಾರಿ

ಈಚೆಗೆ ಒಂದು ಸಂಜೆ ಉರ್ವದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪಕ್ಕದ ಮನೆಯ ಹುಡುಗಿ ಫೋನನ್ನು ಹಿಡಿದುಕೊಂಡು ಬಂದಳು. ಅವಳು ಬರೆದಿದ್ದ ಪ್ರವೇಶ ಪರೀಕ್ಷೆಯ ಫಲಿತಾಂಶ ಅಂದು ಪ್ರಕಟವಾಗುವುದಿದ್ದಿತು. “ಎಂತ ಮಾಡುವುದು ಸರ್? ಒಂದು ಗಂಟೆಯಿಂದ ತಿರುಗುತ್ತಲೇ ಉಂಟು, ತೆರೆಯುವುದೇ ಇಲ್ಲ” ಎಂದಳು. ಪರದೆಯ ಮೇಲೊಂದು ಪುಟ್ಟ ಚಕ್ರ ಗಾಣದ ಎತ್ತಿನಂತೆ ಸುತ್ತುತ್ತಿದ್ದಿತು. ಆರಾಮಕುರ್ಚಿಯಲ್ಲಿ ಒರಗಿದ್ದ ನಮ್ಮ ತೀರ್ಥರೂಪರು, “ಟ್ರಂಕ್ ಕಾಲ್ ಬುಕ್ ಮಾಡಿದ ಹಾಗಾಯಿತಲ್ಲ!” ಎಂದರು. ಟ್ರಂಕ್ ಕಾಲ್ ಎಂದರೇನೆಂದು ಆ ಹುಡುಗಿಗೆ ತಿಳಿಯದು; ಅವಳು ನಗಲಿಲ್ಲ. ನಾನೂ ನಗಲಿಲ್ಲ. ಆ ಮಾತಿನ ಹಿಂದಿರುವ ಕಥೆಯನ್ನು ನಾನು ಬಲ್ಲೆ.

1976ರ ಮಳೆಗಾಲ. ಅಜ್ಜಿ ಹಾಸಿಗೆ ಹಿಡಿದಿದ್ದರು. ನಮ್ಮ ಊರಿನ ಎಷ್ಟೋ ಮನೆಗಳ ಹಿರಿಯ ಮಗನಂತೆ ದೊಡ್ಡಪ್ಪನೂ ಮುಂಬಯಿಯಲ್ಲಿದ್ದರು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗೆ ಮೂರು ದರ. ಅಪ್ಪ ಬೆಳಿಗ್ಗೆಯೇ ಅರ್ಜೆಂಟ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕುಳಿತರು. ಲೈನು ಸಿಕ್ಕಿದ್ದು ರಾತ್ರಿ 9 ಗಂಟೆಗೆ. ಅಷ್ಟರಲ್ಲಿ ಹೇಳಬೇಕಾಗಿದ್ದ ಸುದ್ದಿಯೇ ಬದಲಾಗಿದ್ದಿತು.

ತಪ್ಪು ಯಾರದು? ಯಾರದೂ ಅಲ್ಲ. ಅಂದಿನ ದೂರವಾಣಿಯ ಧರ್ಮವೇ ಹಾಗೆ. ಇಬ್ಬರು ಮಾತಿಗೆ ತೊಡಗಿದರೆಂದರೆ ಇಲ್ಲಿಂದ ಅಲ್ಲಿಯವರೆಗೆ ಒಂದು ಲೈನು ಅವರ ಸ್ವತ್ತು. ಅವರು ಮಾತನಾಡಲಿ, ಕೆಮ್ಮಲಿ, ಬಿಕ್ಕಳಿಸಲಿ, ಸುಮ್ಮನಿರಲಿ, ಅದರಲ್ಲಿ ಮೂರನೆಯವರಿಗೆ ಪ್ರವೇಶವಿಲ್ಲ. ಲೈನುಗಳೆಷ್ಟೋ ಅಷ್ಟೇ ಮಾತು; ಉಳಿದವರಿಗೆ ಬೆಂಚು.

ದಾರಿ ಕೂಡಿಸುವ ಕೆಲಸವನ್ನು ಮನುಷ್ಯನ ಕೈಯಿಂದ ಯಂತ್ರಕ್ಕೆ ವಹಿಸಿದವನು ಅಮೆರಿಕದ ಕಾನ್ಸಾಸ್ ನಗರದ ಆಲ್ಮನ್ ಸ್ಟ್ರೌಜರ್. ಅವನ ಕಸುಬು ಶವಸಂಸ್ಕಾರದ ವ್ಯವಸ್ಥೆ ಮಾಡುವುದು. ದೂರವಾಣಿ ಕೇಂದ್ರದ ಹೆಂಗಸು ತನಗೆ ಬರಬೇಕಾದ ಕರೆಗಳನ್ನು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಸಂಶಯದಿಂದ ಅವನು ಈ ಯಂತ್ರವನ್ನು ಕಲ್ಪಿಸಿದನೆಂದು ಕಥೆ. ಕಥೆ ಹೇಗೇ ಇರಲಿ, ಅವನಿಗೆ 1891ರಲ್ಲಿ ಪೇಟೆಂಟ್ ದೊರೆತದ್ದು ನಿಜ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ಬಹುಕಾಲ ತಯಾರಿಸಿದ್ದು ಆ ಮಾದರಿಯ ಯಂತ್ರಗಳನ್ನೇ.

ಮುಂದಿನ ಹೆಜ್ಜೆಯೂ ನಮ್ಮ ನಾಡಿನದೇ. ಕಿತ್ತೂರೆಂದರೆ ನಮಗೆ ರಾಣಿ ಚೆನ್ನಮ್ಮನ ನೆನಪಾಗುವುದು ಸಹಜ. ಆದರೆ 1986ರಲ್ಲಿ ಅಲ್ಲಿ ಇನ್ನೊಂದು ಸ್ವಾತಂತ್ರ್ಯದ ಕಹಳೆ ಮೊಳಗಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ 128 ಕೊಂಡಿಗಳ ದೂರವಾಣಿ ಕೇಂದ್ರ ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಹೊರದೇಶದ ಯಂತ್ರಗಳು ತಂಪು ಕೋಣೆಯಿಲ್ಲದೆ ಬಾಳವು. ಇದು ನಮ್ಮ ಸೆಕೆ, ಧೂಳುಗಳನ್ನು ಸಹಿಸಿ ನಿಲ್ಲುವಂತೆ ಮಾಡಿದ್ದು. ನನ್ನ ಮಟ್ಟಿಗೆ ಕೃತಕ ಉಪಗ್ರಹಗಳಿಗಿಂತ ಇದೇ ಹೆಚ್ಚಿನ ಸಾಹಸ.

ಆದರೂ ಒಂದು ಮಾತಿಗೆ ಒಂದು ಲೈನು ಎಂಬ ನಿಯಮ ಹಾಗೆಯೇ ಉಳಿದಿದ್ದಿತು. ಅದನ್ನು ಮುರಿಯುವ ಉಪಾಯವನ್ನು 1960ರ ದಶಕದಲ್ಲೇ ಅಮೆರಿಕದ ಪಾಲ್ ಬರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಇಬ್ಬರೂ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಸಂದೇಶವನ್ನು ಸಣ್ಣಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳುಹಿಸುವುದು. ಎಲ್ಲರ ಪೊಟ್ಟಣಗಳೂ ಒಂದೇ ಲೈನಿನಲ್ಲಿ ಸಾಲಾಗಿ ಸಾಗಬಹುದು. ಒಬ್ಬರು ಸುಮ್ಮನಾದ ಗಳಿಗೆಯಲ್ಲಿ ಇನ್ನೊಬ್ಬರ ಮಾತು ಮುಂದೆ ಹೋಗುತ್ತದೆ. ಒಂದು ದಾರಿ ಕಡಿದರೆ ಪೊಟ್ಟಣ ಇನ್ನೊಂದನ್ನು ಹಿಡಿಯುತ್ತದೆ. ತಲಪಿದ ಮೇಲೆ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡರಾಯಿತು. ಇಂದಿನ ಇಂಟರ್ನೆಟ್ ನಿಂತಿರುವುದು ಇದರ ಮೇಲೆಯೇ.

ಪೊಟ್ಟಣಕ್ಕೆ ದಾರಿ ತೋರುವವರಾರು? ಕವಲುಗಳಲ್ಲಿ ಕುಳಿತ ರೂಟರ್ ಎಂಬ ಯಂತ್ರಗಳು. ಅವುಗಳಲ್ಲಿ ಅನೇಕವು ಅನುಸರಿಸುವ ಲೆಕ್ಕ ಹುಟ್ಟಿದ್ದು 1956ರಲ್ಲಿ, ಆಮ್‌ಸ್ಟರ್‌ಡಾಮಿನ ಒಂದು ಕಾಫಿ ಅಂಗಡಿಯಲ್ಲಿ. ಭಾವೀ ಪತ್ನಿಯೊಡನೆ ಪೇಟೆ ಸುತ್ತಿ ದಣಿದಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ಕಾಗದ ಪೆನ್ಸಿಲುಗಳಿಲ್ಲದೆ 20 ನಿಮಿಷಗಳಲ್ಲಿ ಅದನ್ನು ಮನಸ್ಸಿನಲ್ಲೇ ಬಿಡಿಸಿದರು. ಮೊದಲು ಅತಿ ಹತ್ತಿರದ ಊರನ್ನು ಗುರುತಿಸು, ಅಲ್ಲಿಂದ ಮುಂದಿನದನ್ನು ಅಳೆ, ಇದುವರೆಗೆ ಕಂಡ ದಾರಿಗಳಲ್ಲಿ ಕಿರಿದನ್ನು ಇಟ್ಟುಕೋ. ಇಷ್ಟೇ. ಜೊತೆಗಿದ್ದಾಕೆ ಆ 20 ನಿಮಿಷ ಏನು ಮಾಡುತ್ತಿದ್ದಳೆಂಬುದನ್ನು ಚರಿತ್ರಕಾರರು ಬರೆದಿಟ್ಟಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗಿಯ ಪ್ರಶ್ನೆ: “ಮತ್ತೆ ಇದು ಯಾಕೆ ಸರ್ ತೆರೆಯುವುದಿಲ್ಲ?”

ನ್ಯಾಯವಾದ ಪ್ರಶ್ನೆ. ಅಪ್ಪನಿಗೆ ಅಂದು ಇಲ್ಲದಿದ್ದುದು ದಾರಿ. ಇವಳಿಗೆ ದಾರಿಗಳು ಬೇಕಾದಷ್ಟಿವೆ. ಎಲ್ಲವೂ ಹೋಗಿ ಸೇರುವುದು ಒಂದೇ ಬಾಗಿಲಿಗೆ. ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಬಂದು ತಟ್ಟಿದರೆ ಒಳಗಿನ ಸರ್ವರ್ ಏನು ಮಾಡೀತು? ಬಾಗಿಲುಗಳನ್ನು ಹೆಚ್ಚಿಸಬೇಕು, ಬಂದವರನ್ನು ಅವುಗಳಿಗೆ ಹಂಚಬೇಕು. ಹಂಚುವುದೇ ಕಷ್ಟ. ಪ್ರತಿಯೊಬ್ಬನಿಗೂ ಎಲ್ಲ ಸಾಲುಗಳನ್ನೂ ಎಣಿಸಿ ಹೇಳುತ್ತ ಕುಳಿತರೆ ಎಣಿಸುವವನ ಮುಂದೆಯೇ ಜಾತ್ರೆ ಸೇರುತ್ತದೆ. ಕಣ್ಣುಮುಚ್ಚಿ ಕಳುಹಿಸಿದರೆ ಒಂದು ಕಡೆ ನೂಕುನುಗ್ಗಲು, ಇನ್ನೊಂದು ಕಡೆ ನೊಣ ಹೊಡೆಯುವ ಗುಮಾಸ್ತ.

1990ರ ದಶಕದಲ್ಲಿ ಗಣಿತಜ್ಞರು ಇದಕ್ಕೊಂದು ಸೊಗಸಾದ ಪರಿಹಾರ ಕಂಡರು. ಎಲ್ಲ ಸಾಲುಗಳನ್ನೂ ನೋಡಬೇಡ. ಯಾವುವಾದರೂ ಎರಡನ್ನು ನೋಡಿ, ಗಿಡ್ಡ ಸಾಲಿನಲ್ಲಿ ನಿಲ್ಲು. ಹತ್ತು ಲಕ್ಷ ಕಿಟಕಿಗಳಿಗೆ ಹತ್ತು ಲಕ್ಷ ಜನ ಕಣ್ಣುಮುಚ್ಚಿ ಹೋದರೆ ಅತಿ ಉದ್ದದ ಸಾಲಿನಲ್ಲಿ ಸಾಮಾನ್ಯವಾಗಿ ಎಂಟೊಂಬತ್ತು ಮಂದಿ. ಒಬ್ಬೊಬ್ಬರಾಗಿ ಬಂದು ಎರಡೇ ಎರಡು ಕಿಟಕಿಗಳನ್ನು ಇಣುಕಿ ಆರಿಸಿಕೊಂಡರೆ ಅದು ನಾಲ್ಕಕ್ಕೆ ಇಳಿಯುತ್ತದೆ. ಮೂರನೆಯದನ್ನು ಇಣುಕಿದರೆ ಸಿಗುವ ಹೆಚ್ಚಿನ ಲಾಭ ಅಲ್ಪವೇ. ಉರ್ವ ಮಾರುಕಟ್ಟೆಗೆ ಹೋಗುವ ನಮ್ಮ ತಾಯಿಯವರು ಯಾವ ಗಣಿತವನ್ನೂ ಓದದೆ ಇದನ್ನೇ ಮಾಡುತ್ತ ಬಂದಿದ್ದಾರೆ!

ಹೀಗಿರುವಾಗ, ಫಲಿತಾಂಶದ ದಿನವೂ ಗಳಿಗೆಯೂ ಮೊದಲೇ ಗೊತ್ತಿದ್ದೂ ಒಂದೇ ಬಾಗಿಲನ್ನು ತೆರೆದಿಡುವುದಕ್ಕೆ ಏನೆನ್ನೋಣ? ಯಂತ್ರದ ಕೊರತೆಯೆಂದು ನಾನು ಒಪ್ಪಲಾರೆ. ಕಾಯುವವರು ಕಾಯಲಿ ಎಂಬ ಬೆಂಚಿನ ಕಾಲದ ಬುದ್ಧಿ ಅದು. ಹದಿನೆಂಟು ವರ್ಷದ ಮಗುವಿಗೆ ಆ ಒಂದು ಗಂಟೆ ಎಷ್ಟು ದೀರ್ಘವೆಂಬುದು ಬಾಗಿಲ ಒಳಗಿರುವವರಿಗೆ ಮರೆತುಹೋಗಿರುತ್ತದೆ.

ಅಂದು ಅವಳು ಊಟಕ್ಕೂ ಏಳಲಿಲ್ಲವಂತೆ. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಆ ಮನೆಯಿಂದ ಗದ್ದಲ ಕೇಳಿಸಿತು. ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಅಪ್ಪ ಇನ್ನೂ ಮಲಗಿರಲಿಲ್ಲ. ಜಗಲಿಗೆ ಬಂದು, ಕತ್ತಲಲ್ಲೇ ಬೇಲಿಯ ಕಡೆ ಮುಖ ಮಾಡಿ, “ಲೈನು ಸಿಕ್ಕಿತಾ ಮಗಾ?” ಎಂದು ಕೂಗಿದರು.